ತೂಕದ ಆರ್ವಿಲ್ ಮತ್ತು ಎಂಬತ್ತೆಂಟು ಮೈಲಿ

ಆರ್ವಿಲ್ ಡೆಕರ್ ನೆಮ್ಮದಿಯಾಗಿ ಕೂತದ್ದನ್ನು ನಾನು ಕಂಡದ್ದು ಎರಡೇ ಜಾಗದಲ್ಲಿ. ಒಂದು, ಮೆಕ್ಕೆಜೋಳದ ಕಣಜದ ಮುಂದೆ ಲಾರಿ ತೂಗುವ ಕಟ್ಟೆಯ ಪಕ್ಕದ ಗೂಡಿನಂಥ ಕೋಣೆ. ಇನ್ನೊಂದು, ನಮ್ಮ ಬೆಲ್‌ಫೆರಿಯ ಬೇಸ್‌ಬಾಲ್ ಮೈದಾನದಲ್ಲಿ ಬಲೆಯ ಹಿಂದೆ ಮೂರನೇ ಸಾಲಿನ ಏಳನೇ ಕುರ್ಚಿ. ಮಿಕ್ಕಂತೆ ಅವನ ಕಾಲಲ್ಲಿ ಚಕ್ರ. ಹೆಂಡತಿ ಎಲ್ವೈರಾ ಬದುಕಿದ್ದಾಗ, "ಈ ಮನುಷ್ಯ ಊಟಕ್ಕೂ ಕೂರಲ್ಲ ಮಾರ್ಲಿಸ್, ಕುದುರೆ ಥರ ನಿಂತೇ ತಿಂತಾನೆ" ಎಂದು ನನ್ನ ಹತ್ತಿರ ದೂರುತ್ತಿದ್ದಳು. ನಾನು ಅವರ ಪಕ್ಕದ ಮನೆಯವಳು, ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ ಓಡಿಸಿದವಳು. ಹಿಂದೆ ಗದ್ದಲ ಮಾಡುವವರನ್ನು ಕನ್ನಡಿಯಲ್ಲೇ ದುರುಗುಟ್ಟಿ ಕೂರಿಸುವುದು ನನಗೆ ಕರತಲಾಮಲಕ. ಆರ್ವಿಲ್‌ನ ಮುಂದೆ ಮಾತ್ರ ಆ ವಿದ್ಯೆ ಎಂದೂ ನಡೆಯಲಿಲ್ಲ.

ಮೂವತ್ತನಾಲ್ಕು ವರ್ಷ ಅವನು ಆ ಕಟ್ಟೆಯಲ್ಲಿ ಲಾರಿ ತೂಗಿದ. ಸುಗ್ಗಿಯಲ್ಲಿ ಅಣ್ಣತಮ್ಮಂದಿರೇ ಒಬ್ಬರನ್ನೊಬ್ಬರು ನಂಬದ ರೈತರೂ ಆರ್ವಿಲ್ ಹೇಳಿದ ತೂಕಕ್ಕೆ ಚಕಾರ ಎತ್ತುತ್ತಿರಲಿಲ್ಲ. ವರ್ಷಕ್ಕೊಮ್ಮೆ ಸರ್ಕಾರದ ತಪಾಸಣೆಯವನು ಕಬ್ಬಿಣದ ಗುಂಡುಗಳನ್ನು ತಂದು ಕಟ್ಟೆಯನ್ನು ಪರೀಕ್ಷಿಸಿ ಮುದ್ರೆ ಒತ್ತಿ ಹೋಗುತ್ತಿದ್ದ. ಅವನು ಬರುವ ಮೊದಲೇ ಆರ್ವಿಲ್ ತಾನಾಗಿ ಎರಡು ಸಲ ಪರೀಕ್ಷೆ ಮಾಡಿರುತ್ತಿದ್ದ. "ಅಳೆಯೋನನ್ನ ಮೊದಲು ಅಳೀಬೇಕು" ಎನ್ನುವುದು ಅವನ ಬಾಯಿಪಾಠ. ಊರವರು ತೂಕದ ಆರ್ವಿಲ್ ಎಂದೇ ಕರೆಯುತ್ತಿದ್ದರು.

೧೯೯೩ರಲ್ಲಿ ಪೊಲೀಸರ ಹಳೆ ಸಾಮಾನಿನ ಹರಾಜಿನಲ್ಲಿ ಅವನು ಒಂದು ಗನ್ನು ಕೊಂಡ. ಗುಂಡು ಹಾರಿಸುವುದಲ್ಲ, ರಸ್ತೆಯಲ್ಲಿ ಕಾರಿನ ವೇಗ ಹಿಡಿಯುವುದು. ಅದನ್ನು ಮೈದಾನಕ್ಕೆ ತಂದು, ಬಲೆಯ ಹಿಂದೆ ಕೂತು, ನಮ್ಮ ತಂಡದ ಎಸೆತಗಾರರ ಒಂದೊಂದು ಚೆಂಡಿನ ವೇಗವನ್ನೂ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ. ನಮ್ಮದು ದೊಡ್ಡ ತಂಡಗಳಿಗೆ ಹುಡುಗರನ್ನು ಪಳಗಿಸುವ ಕೆಳಗಿನ ಮೆಟ್ಟಿಲಿನ ತಂಡ. ಇಪ್ಪತ್ತು, ಇಪ್ಪತ್ತೊಂದರ ಹುಡುಗರು ಒಂದು ಬೇಸಿಗೆ ಇಲ್ಲಿ ಆಡಿ ಮೇಲೆ ಹೋಗುತ್ತಾರೆ, ಇಲ್ಲವೇ ಮನೆಗೆ ಹೋಗುತ್ತಾರೆ. ಯಾರು ಎತ್ತ ಹೋಗುತ್ತಾರೆ ಎಂದು ಜಗಳವಾಡುವುದೇ ನಮ್ಮ ಚಳಿಗಾಲದ ಕಸುಬು. ಅದಕ್ಕೆ ಸರಿಯಾಗಿ ಪ್ರತಿ ಜನವರಿಯಲ್ಲಿ ದೇಶದ ನೂರು ಭರವಸೆಯ ಹುಡುಗರ ಪಟ್ಟಿ ಬರುತ್ತದೆ.

೨೦೧೫ರಲ್ಲಿ ಪಟ್ಟಿ ಬಂದ ಮಂಗಳವಾರ ಬೆಳಿಗ್ಗೆ ನಾವು ಎಂದಿನಂತೆ ಟ್ರೂಡಿಯ ಹೋಟೆಲಿನ ಕಿಟಕಿ ಪಕ್ಕದ ಮೇಜಿನಲ್ಲಿದ್ದೆವು. ಅಂಚೆ ಕಚೇರಿಯ ಕರ್ಟ್ ಫೋನಿನಲ್ಲಿ ಪಟ್ಟಿ ಓದುತ್ತಿದ್ದ. ಅವನ ಎದುರು ಡ್ವೇನ್ ಮ್ಯಾಬ್ರಿ ಚಿಲ್ಲಿ ಎನ್ನುವ ಮಾಂಸದ ಸಾರಿನಲ್ಲಿ ದಾಲ್ಚಿನ್ನಿ ಬನ್ನು ಅದ್ದಿ ತಿನ್ನುತ್ತಿದ್ದ. ಡ್ವೇನ್ ಅಲಬಾಮಾದವನು. ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ತಂಡದಲ್ಲಿ ಚೆಂಡೆಸೆಯಲು ಬಂದು, ಭುಜ ಹರಿದುಕೊಂಡು, ಇಲ್ಲೇ ಹುಡುಗಿ ನೋಡಿ ಮದುವೆಯಾಗಿ ನಿಂತವನು. ಈಗ ಹೀಟರು, ನಲ್ಲಿ ರಿಪೇರಿ ಮಾಡುತ್ತಾನೆ. ಆರ್ವಿಲ್‌ನ ನೋಟ್‌ಬುಕ್ಕಿನಲ್ಲಿ ಅವನ ವೇಗ ಗಂಟೆಗೆ ಎಂಬತ್ತೆಂಟು ಮೈಲಿ ಎಂದಿದ್ದರಿಂದ ಊರೆಲ್ಲ ಅವನನ್ನು ಎಂಬತ್ತೆಂಟು ಎಂದೇ ಕರೆಯುತ್ತದೆ. ಅವನೂ ನಕ್ಕು ತನ್ನ ವ್ಯಾನಿನ ಮೇಲೆ ಮೊಳದುದ್ದದ ಅಂಕಿಯಲ್ಲಿ 88 ಎಂದು ಬರೆಸಿಕೊಂಡಿದ್ದಾನೆ.

"ಅರವತ್ತೊಂದನೇ ಸ್ಥಾನ, ನಮ್ಮ ಎಮಿಲ್ಕಾರ್" ಎಂದ ಕರ್ಟ್. ಹಿಂದಿನ ಬೇಸಿಗೆ ಇಲ್ಲಿ ಆಡಿದ ಡೊಮಿನಿಕನ್ ಹುಡುಗ ಅವನು. "ಏನು ಬರೆದಿದ್ದಾರೆ ಕೇಳಿ. ವೇಗ ತೊಂಬತ್ತೇಳು ಮೈಲಿ ಮುಟ್ಟುತ್ತೆ ಅಂತೆ."

ಮೇಜಿನ ಪಕ್ಕ ನಿಂತೇ ಕಾಫಿ ಕುಡಿಯುತ್ತಿದ್ದ ಆರ್ವಿಲ್ ಮೂಗು ಮುರಿದ. "ತೊಂಬತ್ತನಾಲ್ಕು. ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇಲ್ಲ. ಹದಿನಾಲ್ಕು ಆಟ ಕೂತು ಬರೆದಿದ್ದೀನಿ."

"ಅವರ ಹತ್ರ ಹೊಸ ಹೊಸ ಯಂತ್ರ ಇರ್ತಾವೆ ಕಣಯ್ಯಾ."

"ಇರಲಿ. ನನ್ನ ಹತ್ರ ಕಣ್ಣಿದೆ, ಗನ್ನಿದೆ."

ಡ್ವೇನ್ ನಕ್ಕ. "ಬಿಡೋ ಕರ್ಟ್. ಸಾರ್ ಗನ್ನಿನ ಮುಂದೆ ಎಲ್ರೂ ಬಡವರೇ. ನನ್ನನ್ನೂ ಪಟ್ಟಿಯೋರು ತೊಂಬತ್ತೊಂದು ಅಂತ ಬರೆದಿದ್ರು. ತೊಂಬತ್ನಾಲ್ಕನೇ ಸ್ಥಾನ. ನಮ್ಮಮ್ಮ ಆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ಲು." ಇಪ್ಪತ್ತು ವರ್ಷ ಹತ್ತಿರ ಬಂದರೂ ಅವನು ಆರ್ವಿಲ್‌ನನ್ನು ಸಾರ್ ಎನ್ನುವುದು ಬಿಟ್ಟಿಲ್ಲ, ತಾಯಿ ಹಾಗೆ ಕಲಿಸಿದ್ದಾಳೆ.

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು" ಎಂದು ನಾನು ರೇಗಿಸಿದೆ. ಎಲ್ಲರೂ ನಕ್ಕರು.

ಆಗ ಟ್ರೂಡಿ ಕಾಫಿ ಹುಯ್ಯುತ್ತ ಬಾಯಿ ಹಾಕಿದಳು. "ನಮ್ಮಣ್ಣ ಪೊಲೀಸ್‌ನಲ್ಲಿದ್ದಾಗ ದಿನಾ ಬೆಳಿಗ್ಗೆ ಅಡುಗೆಮನೇಲಿ ಒಂದು ಉಕ್ಕಿನ ಕವೆ ಟಣ್ ಅನ್ನಿಸಿ ಗನ್ನಿಗೆ ಹಿಡಿಯೋನು. ಅದು ಸರಿ ಅಂಕಿ ತೋರಿಸಿದ್ರೇನೇ ಡ್ಯೂಟಿ. ನೀನೂ ಹಾಗೆ ಮಾಡ್ತೀಯಲ್ವಾ ಆರ್ವಿಲ್?"

ಆರ್ವಿಲ್ ಕಾಫಿ ಅರ್ಧಕ್ಕೇ ನಿಲ್ಲಿಸಿದ. ಕಪ್ಪನ್ನು ಮೇಜಿನ ಮೇಲೆ ಇಟ್ಟ, ಟೋಪಿ ಹಾಕಿಕೊಂಡ, ಹೊರಟೇಬಿಟ್ಟ.

ಒಂದು ಗಂಟೆಯೊಳಗೆ ನನ್ನ ಅಡುಗೆಮನೆ ಬಾಗಿಲು ಬಡಿಯಿತು. ಒಂದು ಕೈಯಲ್ಲಿ ಗನ್ನು, ಇನ್ನೊಂದರಲ್ಲಿ ಎರಡು ಕವಲಿನ ಉಕ್ಕಿನ ಕಡ್ಡಿ, ಶಾಲೆಯ ವಿಜ್ಞಾನದ ಪೆಟ್ಟಿಗೆಯಲ್ಲಿ ಇರುವಂಥದು. ಗನ್ನಿನ ಪೆಟ್ಟಿಗೆಯಲ್ಲಿ ಸ್ಪಂಜಿನ ಅಡಿಯಲ್ಲಿ ಇತ್ತಂತೆ. ಕೊಂಡ ದಿನದಿಂದ ಅಲ್ಲೇ ಇತ್ತು, ಅವನು ಸ್ಪಂಜು ಎತ್ತಿಯೇ ನೋಡಿರಲಿಲ್ಲ. ಕವೆಯ ಮೇಲೆ 65 ಎಂದು ಕೊರೆದಿತ್ತು, ಅಂದರೆ ಗನ್ನು ಸರಿಯಿದ್ದರೆ ಅದರ ಸದ್ದಿಗೆ ಅರವತ್ತೈದು ಮೈಲಿ ತೋರಿಸಬೇಕು. ಅದನ್ನು ನನ್ನ ಮರದ ಮಣೆಗೆ ಬಡಿದು ಗನ್ನಿನ ಮುಂದೆ ಹಿಡಿದ.

"ಓದು ಮಾರ್ಲಿಸ್. ನನ್ನ ಕಣ್ಣನ್ನೇ ನಾನು ನಂಬ್ತಿಲ್ಲ."

"ಅರವತ್ತಮೂರು."

"ಬ್ಯಾಟರಿ ಹೊಸದು ಹಾಕಿದೆ. ಗರಾಜಿನಲ್ಲಿ ನೋಡಿದೆ, ಅಂಗಳದಲ್ಲಿ ನೋಡಿದೆ. ನಲವತ್ತು ಸಲ ನೋಡಿದೆ."

"ಎರಡು ಮೈಲಿ ತಾನೇ? ಯಾರ ಮನೆ ಮುಳುಗಿತು?"

"ಅರವತ್ತೈದಕ್ಕೆ ಎರಡು. ತೊಂಬತ್ತರ ಹತ್ರ ಹೋದ್ರೆ ಮೂರು." ಅವನು ನನ್ನ ಅಡುಗೆಮನೆಯ ಉದ್ದಕ್ಕೂ ನಡೆದ, ತಿರುಗಿದ, ಮತ್ತೆ ನಡೆದ. "ಎಮಿಲ್ಕಾರ್ ತೊಂಬತ್ತೇಳೇ. ಪಟ್ಟಿಯೋರು ಸರಿ. ಮತ್ತೆ... ಎಂಬತ್ತೆಂಟು ಅಂದ್ರೆ ತೊಂಬತ್ತೊಂದು."

ಆಗ ನನಗೂ ಹೊಳೆಯಿತು. ಸ್ಟೂಲು ಎಳೆದುಕೊಂಡು ಕೂತೆ.

ಡ್ವೇನ್ ಆಡಿದ ೯೬ರ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ, ಆರ್ವಿಲ್‌ನ ಪಕ್ಕದ ಕುರ್ಚಿ ಆಗ ಎಲ್ವೈರಾಳದು, ಅದರ ಪಕ್ಕದ್ದು ನನ್ನದು. ಆ ಕಾಲದ ಕೋಚು ಎಸೆತಗಾರರಿಗೆ ವೇಗ ಹೇಳುತ್ತಿರಲಿಲ್ಲ. ಎಸೆಯುವುದು ನಿಮ್ಮ ಕೆಲಸ, ಅಂಕಿ ನನ್ನ ಕೆಲಸ ಎಂದು ಗದರುತ್ತಿದ್ದ. ಹುಡುಗರು ಆಟ ಮುಗಿದ ಮೇಲೆ ಕಳ್ಳಹೆಜ್ಜೆಯಲ್ಲಿ ಬಲೆಯ ಹತ್ತಿರ ಬಂದು ಆರ್ವಿಲ್‌ನನ್ನು ಕೇಳುತ್ತಿದ್ದರು. ಡ್ವೇನ್ ಪ್ರತಿ ಸಲ ಬರುತ್ತಿದ್ದ. ಬಲೆಗೆ ಬೆರಳು ಸಿಕ್ಕಿಸಿ ನಿಂತು, "ಇವತ್ತು ಎಷ್ಟು ಸಾರ್?" ಪಟ್ಟಿಯಲ್ಲಿ ತೊಂಬತ್ತೊಂದು ಎಂದಿದೆ, ಇಲ್ಲಿ ಎಂಬತ್ತೆಂಟು. ಯಾರನ್ನು ನಂಬಬೇಕು? ದೂರದ ಪತ್ರಿಕೆಯವರನ್ನೋ, ಇಡೀ ತಾಲ್ಲೂಕು ನಂಬುವ ತೂಕದವನನ್ನೋ? ಚಳಿಗಾಲದಲ್ಲಿ ಮೂರು ಮೈಲಿ ಕಳೆದುಕೊಂಡೆ ಎಂದೇ ಹುಡುಗ ತಿಳಿದ. ಜುಲೈ ತಿಂಗಳಿಡೀ ಕತ್ತಿನ ನರ ಉಬ್ಬುವ ಹಾಗೆ ಎಸೆದ. ಆಗಸ್ಟ್ ಮೂರನೇ ತಾರೀಕು ಐದನೇ ಸುತ್ತಿನಲ್ಲಿ ಭುಜ ಹೋಯಿತು. ಬಟ್ಟೆ ಹರಿದಂಥ ಸದ್ದು ನಮ್ಮ ಸಾಲಿಗೂ ಕೇಳಿಸಿತು ಎಂದು ಎಲ್ವೈರಾ ಸಾಯುವವರೆಗೂ ಹೇಳುತ್ತಿದ್ದಳು. ಇವತ್ತಿಗೂ ಡ್ವೇನ್‌ನ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ.

"ಹೇಳ್ಬೇಡ" ಎಂದೆ ನಾನು.

"ಏನು?"

"ಹೇಳ್ಬೇಡ ಅಂದೆ. ಅವನಿಗೆ ಹೆಂಡತಿ ಇದ್ದಾಳೆ, ಕೆಲಸ ಇದೆ, ಎಂಬತ್ತೆಂಟು ಅಂದ್ರೆ ನಗ್ತಾನೆ. ಆರಿದ ಗಾಯ ಯಾಕೆ ಕೆರೀತೀಯ? ಕವೆ ತಗೊಂಡು ಹೋಗಿ ನದಿಗೆ ಎಸಿ."

ಅವನು ನನ್ನನ್ನು ನೋಡಿದ ನೋಟ ನನಗೆ ಹಿಡಿಸಲಿಲ್ಲ. "ಮೂವತ್ನಾಲ್ಕು ವರ್ಷ ಪರರ ಲಾರಿ ತೂಗಿದೆ. ಒಂದು ಸಲ ಕಟ್ಟೆ ತಪ್ಪು ತೋರಿಸ್ತಿದೆ ಅಂತ ಗೊತ್ತಾದಾಗ ಹನ್ನೆರಡು ಜನ ರೈತರ ಮನೆಗೆ ನಾನೇ ಹೋಗಿ ಹೇಳಿದ್ದೆ. ಮರೆತ್ಯಾ?"

"ಅದು ಜೋಳ ಕಣೋ."

"ಹೂಂ. ಜೋಳಕ್ಕೇ ಹೋಗಿದ್ದೆ" ಎಂದ.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ಊರಿನ ತಕ್ಕಡಿಯನ್ನೆಲ್ಲ ಅನುಮಾನಿಸಿದವನು ತನ್ನ ಗನ್ನನ್ನು ಇಪ್ಪತ್ತೆರಡು ವರ್ಷ ಅನುಮಾನಿಸಲಿಲ್ಲ. ಮುಂದಿನ ನಾಲ್ಕು ದಿನ ಅವನು ಬೀದಿಯಲ್ಲಿ ನಡೆದದ್ದೇ ನಡೆದದ್ದು. ಹಿಮ ಮೊಣಕಾಲುದ್ದ ಬಿದ್ದಿತ್ತು. ನನ್ನ ಕಿಟಕಿಯಿಂದ ಅವನು ಮೈದಾನದ ಕಡೆ ಹೋಗುವುದು, ಅರ್ಧದಲ್ಲಿ ತಿರುಗುವುದು, ಡ್ವೇನ್‌ನ ಬೀದಿಯ ಮೂಲೆಗೆ ಹೋಗುವುದು, ಮತ್ತೆ ತಿರುಗುವುದು ಕಾಣುತ್ತಿತ್ತು. ನನಗೂ ಒಂದು ಕೆಲಸ ನೆಟ್ಟಗೆ ಆಗಲಿಲ್ಲ. ಬಟ್ಟೆ ಒಗೆಯಲು ಹಾಕಿ ಸೋಪು ಮರೆತೆ. ಅವನ ಮೇಲೆ ಸಿಟ್ಟು, ನನ್ನ ಮೇಲೂ ಸಿಟ್ಟು. ಆ ಬಲೆಯ ಹತ್ತಿರ ಹುಡುಗ ಬಂದು ನಿಂತಾಗ ನಾನೂ ಅಲ್ಲೇ ಕೂತು ಕಡಲೆಕಾಯಿ ತಿನ್ನುತ್ತಿದ್ದೆನಲ್ಲ.

ಶನಿವಾರ ಟ್ರೂಡಿಯ ಹೋಟೆಲಿನಲ್ಲಿ ಆರ್ವಿಲ್ ಗನ್ನು, ಕವೆ ಎರಡನ್ನೂ ಡ್ವೇನ್‌ನ ತಟ್ಟೆಯ ಪಕ್ಕ ಇಟ್ಟ. ಅಂದು ಮೊದಲ ಸಲ ಅವನು ಆ ಮೇಜಿನಲ್ಲಿ ಕುರ್ಚಿ ಎಳೆದುಕೊಂಡು ಕೂತ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ, ಒಂದು ನೆಪವನ್ನೂ ಸೇರಿಸಲಿಲ್ಲ.

ಟ್ರೂಡಿ ವಾತಾವರಣ ತಿಳಿ ಮಾಡಲು ನೋಡಿದಳು. "ಅದಕ್ಕೇ ನೋಡು, ಈ ಗನ್ನು ಪೊಲೀಸರ ಹತ್ರ ಇದ್ದಾಗ ನನ್ನ ಕಾರನ್ನ ಪೊಲೀಸರು ಹಿಡೀತಾನೇ ಇರ್ಲಿಲ್ಲ." ಯಾರೂ ನಗಲಿಲ್ಲ.

ಡ್ವೇನ್ ಎಡಗೈಯಲ್ಲಿ ಕವೆ ಎತ್ತಿ ಮೇಜಿನ ಅಂಚಿಗೆ ಬಡಿದ. ಗನ್ನಿನ ಅಂಕಿ ನೋಡಿದ. ಇನ್ನೊಮ್ಮೆ ಬಡಿದು ನೋಡಿದ.

"ಹಾಗಾದ್ರೆ ನಂದು ಎಷ್ಟಿತ್ತು ಸಾರ್?"

"ತೊಂಬತ್ತೊಂದು."

"ಪೂರ್ತಿ ಬೇಸಿಗೆ?"

"ಜುಲೈ ಕೊನೇಲಿ ತೊಂಬತ್ತೆರಡು ಎರಡು ಸಲ."

ಡ್ವೇನ್ ತಲೆಯಾಡಿಸಿದ. ಕರವಸ್ತ್ರದಿಂದ ಬಾಯಿ ಒರೆಸಿ, ಅರ್ಧ ತಿಂದ ಬನ್ನನ್ನು ಅಲ್ಲೇ ಬಿಟ್ಟು, ಕೋಟು ಹಾಕಿಕೊಂಡ. ಬಲತೋಳು ತೂರಿಸಲು ಯಾವಾಗಲೂ ಸ್ವಲ್ಪ ಬಾಗಬೇಕು ಅವನು. ಕರ್ಟ್ ಪೆದ್ದು ಮುಂಡೇದು, "ಇನ್ಮೇಲೆ ತೊಂಬತ್ತೊಂದು ಅಂತ ಕರೀಬೇಕು ನಿನ್ನ" ಎಂದುಬಿಟ್ಟ. ನಾನು ಮೇಜಿನ ಕೆಳಗೆ ಅವನ ಕಾಲು ಒದ್ದೆ. ಡ್ವೇನ್ ತಿರುಗಿಯೂ ನೋಡದೆ ಹೋದ.

ಮೂರು ವಾರ ಅವನು ಆ ಹೋಟೆಲಿಗೆ ಬರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ನಾನು ಆರ್ವಿಲ್‌ಗೆ ದಿನಕ್ಕೆರಡು ಬಾರಿ ಚುಚ್ಚಿದೆ. ಅವನು ಪಟ್ಟಿಯ ಮಾತೇ ಎತ್ತಲಿಲ್ಲ. ಇಪ್ಪತ್ತೆರಡು ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಪ್ರತಿ ಅಂಕಿಯ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಸರಿ ಅಂಕಿ ಬರೆಯುತ್ತ ಕೂತಿದ್ದ. ಅಲ್ಲ, ಕೂತಿರಲಿಲ್ಲ, ಅಡುಗೆಕಟ್ಟೆಯ ಮುಂದೆ ನಿಂತು ಬರೆಯುತ್ತಿದ್ದ.

ಫೆಬ್ರವರಿ ನಡುವೆ, ಹೊರಗೆ ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿಯಲ್ಲಿ, ಅವನ ನೆಲಮಾಳಿಗೆಯ ಹೀಟರ್ ಕೆಟ್ಟಿತು. ನಾನು ಬ್ರೆಡ್ಡು ಕೊಡಲು ಹೋದಾಗ ಕೋಟು, ಟೋಪಿ, ಕೈಗವಸು ಹಾಕಿಕೊಂಡು ಮನೆಯೊಳಗೆ ಓಡಾಡುತ್ತಿದ್ದ. ಎರಡು ದಿನವಾಯಿತಂತೆ.

"ಡ್ವೇನ್‌ಗೆ ಫೋನ್ ಮಾಡೋಕೇನು ರೋಗ ನಿನಗೆ?"

"ಯಾವ ಮುಖ ಇಟ್ಕೊಂಡು ಮಾಡಲಿ?"

ನಾನೇ ಮಾಡಿದೆ. ಅರ್ಧ ಗಂಟೆಯಲ್ಲಿ ವ್ಯಾನು ಬಂದು ಅಂಗಳದಲ್ಲಿ ನಿಂತಿತು. ಅದರ ಮೇಲೆ 88 ಹಾಗೇ ಇತ್ತು.

ಡ್ವೇನ್ ನೇರವಾಗಿ ನೆಲಮಾಳಿಗೆಗೆ ಇಳಿದ. ಮೇಲಿನ ಕೊಳವೆ ಬಿಚ್ಚಬೇಕಾದಾಗ ಬಲಗೈ ಏಳದೆ, ಪೆಟ್ಟಿಗೆಯ ಮೇಲೆ ಹತ್ತಿ ಎಡಗೈಯಿಂದ ತಿರುಗಿಸಿದ. ಆರ್ವಿಲ್ ಟಾರ್ಚ್ ಹಿಡಿದಿದ್ದ. ಬೆಳಕು ಕೊಳವೆ ಬಿಟ್ಟು ಗೋಡೆಯ ಕಡೆ ಜಾರುತ್ತಿತ್ತು. "ನೆಟ್ಟಗೆ ಹಿಡೀರಿ ಸಾರ್" ಎಂದ ಡ್ವೇನ್. ಆಮೇಲೆ ಒಂದು ಗಂಟೆ ಸ್ಪ್ಯಾನರ್ ತಿರುಗಿಸಿದ. ಕೊನೆಗೆ ಹೀಟರ್ ಗುರ್ ಎಂದು ಹೊತ್ತಿಕೊಂಡಿತು.

ಡ್ವೇನ್ ಕೈ ಒರೆಸಿಕೊಳ್ಳುತ್ತ ಹೀಟರನ್ನೇ ನೋಡುತ್ತ ಹೇಳಿದ: "ಆವತ್ತು ನೀವು ತೊಂಬತ್ತೊಂದು ಅಂದಿದ್ರೆ ನಾನು ತೊಂಬತ್ಮೂರಕ್ಕೆ ಆಸೆ ಪಡ್ತಿದ್ದೆ. ಆಗ್ಲೂ ಹಾಗೇ ಎಸೀತಿದ್ದೆ. ಭುಜ ಹೇಗಿದ್ರೂ ಹೋಗ್ತಿತ್ತು."

ಆರ್ವಿಲ್‌ನ ಮುಖದಲ್ಲಿ ಜೀವ ಬಂತು. ಮೂರು ವಾರದಲ್ಲಿ ಮೊದಲ ಸಲ ಅವನು ನೆಟ್ಟಗೆ ಉಸಿರೆಳೆದದ್ದನ್ನು ನಾನು ಮೆಟ್ಟಿಲ ಮೇಲಿಂದಲೇ ಕಂಡೆ.

"ಹಾಗಂತ ಮೂರು ವಾರದಿಂದ ನನಗೆ ನಾನೇ ಹೇಳ್ಕೊತಾ ಇದ್ದೀನಿ ಸಾರ್" ಎಂದ ಡ್ವೇನ್. "ಇನ್ನೂ ನಂಬಿಕೆ ಬಂದಿಲ್ಲ."

ಸಾಮಾನು ಪೆಟ್ಟಿಗೆ ಎಡಗೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದ. ನಾನು ಗೋಡೆಗೆ ಒರಗಿ ದಾರಿ ಬಿಟ್ಟೆ. ಬಾಗಿಲಲ್ಲಿ ನಿಂತು, ಹೀಟರಿನ ಬೆಲ್ಟು ಹೆಚ್ಚು ದಿನ ಬರುವುದಿಲ್ಲ, ಹೊಸದು ತರಿಸಿ ಗುರುವಾರ ಬರುತ್ತೇನೆ ಎಂದ. ಆರ್ವಿಲ್ ಕೆಳಗೆ ಟಾರ್ಚ್ ಆರಿಸದೆ ನಿಂತೇ ಇದ್ದ. ಗುರುವಾರಕ್ಕೆ ಇನ್ನೂ ಆರು ದಿನವಿತ್ತು.