ಬರ್ತೇನಿ ಅನ್ನಬಾರದ ಬಾಗಿಲು

ಮೊನ್ನೆ ಮಗಳು ಗಾಣದ ಹರಳೆಣ್ಣೆ ತಂದುಕೊಟ್ಟಳು. ಮುಚ್ಚಳ ತೆಗೆದದ್ದೇ ತಡ, ಆ ಜಿಗುಟು ವಾಸನೆಗೆ ಧಾರವಾಡದ ದವಾಖಾನೆಯ ಆಯಾ ನೆನಪಾದಳು. ಜನ ಅದನ್ನು ಹುಚ್ಚರ ದವಾಖಾನೆ ಎನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ, ಅಲ್ಲಿಗೆ ಹೋಗುವ ತನಕ.

ಅರವತ್ತರ ದಶಕದ ಮೊದಲ ವರ್ಷಗಳು. ಚೊಚ್ಚಲ ಹೆರಿಗೆಯಾದ ಮೇಲೆ ನನ್ನೊಳಗೆ ಏನೋ ನಿಂತುಹೋಯಿತು. ನಿದ್ದೆಯಿಲ್ಲ, ಮಾತಿಲ್ಲ. ಮಗು ಅತ್ತರೂ ಕೈ ಮುಂದಾಗುತ್ತಿರಲಿಲ್ಲ. ಗದಗಿನ ತವರಿನಿಂದ ನನ್ನನ್ನು ಧಾರವಾಡಕ್ಕೆ ಕರೆತಂದರು. ಮಗು ಅವ್ವನ ಹತ್ತಿರ ಉಳಿಯಿತು. ಹುಬ್ಬಳ್ಳಿಯಲ್ಲಿ ನಮ್ಮತ್ತೆ, ಸೊಸೆಯ ಬಾಣಂತನ ಇನ್ನೂ ಮುಗಿದಿಲ್ಲ ಎಂದು ಓಣಿಯವರಿಗೆಲ್ಲ ಹೇಳುತ್ತ ಬಂದರು. ಎಂಟು ತಿಂಗಳ ಬಾಣಂತನ ಅದು.

ಡಾಕ್ಟರು ಒಳ್ಳೆಯವರೇ. ಇವತ್ತು ಯಾವ ವಾರ ಎಂದು ಕೇಳುತ್ತಿದ್ದರು. ಯಾವ ವಾರವಾದರೇನು ಎನಿಸುತ್ತಿತ್ತು, ಹೇಳುತ್ತಿರಲಿಲ್ಲ. ಆಯಾ ಏನೂ ಕೇಳುತ್ತಿರಲಿಲ್ಲ. ದಿನಾ ಮುಂಜಾನೆ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಹರಳೆಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಹೆರಳು ಹಾಕುತ್ತಿದ್ದಳು. ಮಾತೆಲ್ಲ ಬೇರೆಯವರ ಜೊತೆ, ಕೈ ಮಾತ್ರ ನನ್ನ ತಲೆಯಲ್ಲಿ. ಒಂದು ದಿನ ಅರ್ಧ ಹೆಣೆದು ಎದ್ದುಹೋದಳು. ಕಾದೆ... ಬರಲಿಲ್ಲ. ಕೊನೆಗೆ ಉಳಿದದ್ದನ್ನು ನಾನೇ ಹೆಣೆದುಕೊಂಡೆ. ಅವಳು ಕಂಬದ ಹಿಂದೆಯೇ ನಿಂತು ನೋಡುತ್ತಿದ್ದಳಂತೆ, ಆಮೇಲೆ ಯಾರೋ ಹೇಳಿದರು. ನನಗೆ ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ಹೆರಳು ಮುಗಿಯಿತು, ಅಷ್ಟೇ.

ಮನೆಗೆ ಕಳಿಸುವ ದಿನ ನಮ್ಮ ರೂಢಿಯಂತೆ ಬರ್ತೇನ್ರಿ ಎಂದೆ. ಆಯಾ ಬಾಗಿಲಿಗೆ ಅಡ್ಡ ನಿಂತಳು.

“ಹೊರಗಿನ ರೂಢಿ ಇಲ್ಲಿ ಬ್ಯಾಡ ತಂಗಿ. ಹೋಗ್ತೇನಿ ಅನ್ನು.”

ನಮ್ಮ ಕಡೆ ಹಾಗೆ ಅನ್ನುವುದು ಅಪಶಕುನ. ತಿರುಗಿ ಬರುವುದಿಲ್ಲ ಎಂದೇ ಅದರ ಅರ್ಥ. ಅವಳಿಗೆ ಬೇಕಾದದ್ದೂ ಅದೇ. ನನ್ನನ್ನು ಮತ್ತೆ ಮಂಚದ ಮೇಲೆ ಕೂಡಿಸಿ, ಎಬ್ಬಿಸಿ, ಸರಿಯಾಗಿ ಅನ್ನಿಸಿಯೇ ಹೊರಗೆ ಬಿಟ್ಟಳು.

ಮೂರು ವರ್ಷದ ಮೇಲೆ ಹುಬ್ಬಳ್ಳಿಯ ಕಾಯಿಪಲ್ಲೆ ಸಂತೆಯಲ್ಲಿ ಕಂಡಳು. ನನ್ನ ಕೈ ಹಿಡಿದು ಮಗಳು, ಪಕ್ಕದಲ್ಲಿ ನೆರೆಮನೆಯವರು. ಆಯಾ ನನ್ನ ಮುಖ ನೋಡಿದಳು, ಆಮೇಲೆ ಮಗಳ ಹೆರಳು ನೋಡಿದಳು. ಅದನ್ನು ನಾನೇ ಹಾಕಿದ್ದೆ. ಹತ್ತಿರ ಬಂದು ಮಗಳ ತಲೆಯ ಕಡೆ ಕೈ ಚಾಚಿದಳು. ನೆರೆಮನೆಯವರು, ಯಾರ್ರಿ ಇವರು ಎಂದು ಕೇಳಿದರು.

“ಗೊತ್ತಿಲ್ರಿ,” ಎಂದೆ.

ಆಯಾ ಕೈ ಹಿಂದಕ್ಕೆ ತೆಗೆದುಕೊಂಡಳು. ಕಣ್ಣು ಮಂದ ಆಗ್ಯಾವ್ರಿ, ನಮ್ಮ ಪೈಕಿ ಹುಡುಗಿ ಅನಕೊಂಡೆ ಎಂದು ನೆರೆಮನೆಯವರಿಗೆ ಸಮಜಾಯಿಷಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಹೋಗ್ತೇನಿ, ತಂಗಿ.”

ಎಂಥಾ ಹೆಂಗಸು, ಬರ್ತೇನಿ ಅನ್ನೂದೂ ತಿಳೀದು ಎಂದು ನೆರೆಮನೆಯವರು ನಕ್ಕರು. ನಾನೂ ನಕ್ಕೆ. ಬದನೆಕಾಯಿ ಕೊಂಡು ಮನೆಗೆ ಬಂದೆವು.

ಧಾರವಾಡವೇನು ದೂರವೇ... ಬಸ್ಸು ಹತ್ತಿದರೆ ಮುಗಿಯಿತು. ನಮ್ಮತ್ತೆ ತೀರಿಕೊಂಡರು, ಆ ಓಣಿಯನ್ನೂ ಬಿಟ್ಟೆವು, ನಾಚಿಕೊಳ್ಳಲು ಯಾರೂ ಉಳಿಯಲಿಲ್ಲ. ಆಗಲೂ ಹೋಗಲಿಲ್ಲ. ಆಯಾ ಈಗ ಬದುಕಿರಲಿಕ್ಕಿಲ್ಲ. ಅಳು ಬರಬೇಕಿತ್ತು, ಬರುತ್ತಿಲ್ಲ.

ಎಣ್ಣೆ ಕೊಟ್ಟು ಹೊರಡುವಾಗ ಮಗಳು ಬರ್ತೇನವ್ವಾ ಎಂದಳು. ಹೂಂ ಎಂದೆ. ಆ ಬಾಗಿಲಲ್ಲಿ ಆಯಾ ನನ್ನಿಂದ ಅನ್ನಿಸಿದ ಮಾತನ್ನು ನಾನು ಚಾಚೂ ತಪ್ಪದೆ ನಡೆಸಿಕೊಟ್ಟೆ. ತಿರುಗಿ ಹೋಗಲೇ ಇಲ್ಲ.