ಕಂಪ್ಯೂಟರಿನೊಳಗೆ ಸೋಬಾನೆ ದನಿ

ನಾನು ಇಂಗ್ಲಿಷ್ ಟೈಪಿಂಗಿನಲ್ಲಿ ಸೀನಿಯರ್ ಪಾಸಾದವಳು. ಪಿರಿಯಾಪಟ್ಟಣದ ನಮ್ಮ ಫೋಟೋ ಸ್ಟುಡಿಯೋಗೆ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ನಮ್ಮ ಯಜಮಾನರಿಗೆ ಕ್ಯಾಮೆರಾ ಕೈವಶವಾಗಿತ್ತು, ಆದರೆ ಕೀಬೋರ್ಡಿನಲ್ಲಿ ಒಂದಕ್ಷರ ಹುಡುಕುವಷ್ಟರಲ್ಲಿ ಅವರ ಕಾಫಿ ಆರಿಹೋಗುತ್ತಿತ್ತು. ಹೀಗಾಗಿ ಅವರು ಮದುವೆ ಶೂಟಿಂಗಿಗೆ ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ತಿರುಗುವುದು, ನಾನು ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಕ್ಯಾಸೆಟ್ಟನ್ನು ಸಿಡಿ ಮಾಡುವುದು ಎಂದು ಸಂಸಾರದ ಕೆಲಸ ಹಂಚಿಕೆಯಾಯಿತು.

ಮನೆಮನೆಯಲ್ಲೂ ಸಿಡಿ ಪ್ಲೇಯರ್ ಬಂದು ವಿಸಿಆರ್‌ಗಳು ಮೂಲೆ ಸೇರುತ್ತಿದ್ದ ಕಾಲ ಅದು. ಹೊಗೆಸೊಪ್ಪಿನ ಹರಾಜು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಮದುವೆಗಳ ಸಾಲು ಹಿಡಿಯುತ್ತಿತ್ತು. ವಿಸಿಆರ್‌ನಲ್ಲಿ ಕ್ಯಾಸೆಟ್ ಓಡಿಸಿದರೆ ಅದರ ಚಿತ್ರವನ್ನು ಕಂಪ್ಯೂಟರಿನೊಳಗೆ ಎಳೆದುಕೊಳ್ಳುವುದಕ್ಕೆ ಒಂದು ಟಿವಿ ಕಾರ್ಡ್ ಹಾಕಿಸಿದ್ದೆವು. ಮೈಸೂರಿನಿಂದ ಬಂದಾತ ಅರ್ಧ ಗಂಟೆಯಲ್ಲಿ ಅದನ್ನು ಕೂರಿಸಿ, ಚಿತ್ರ ಬಂದದ್ದು ತೋರಿಸಿ, ಊಟ ಮುಗಿಸಿಕೊಂಡು ಬಸ್ ಹತ್ತಿದ್ದ.

ಚಿತ್ರ ಬಂತು, ದನಿ ಬರಲಿಲ್ಲ. ಅದು ನಮಗೆ ಎರಡು ವರ್ಷ ಗೊತ್ತೇ ಆಗಲಿಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ಆದರೆ ಆಗಿನ ಪದ್ಧತಿಯೇ ಹಾಗಿತ್ತು. ಮದುವೆ ವಿಡಿಯೋದಲ್ಲಿ ಮದುವೆ ಮನೆಯ ಸದ್ದು ಯಾರಿಗೂ ಬೇಕಿರಲಿಲ್ಲ. ಪಾತ್ರೆ ಸದ್ದು, ಮಕ್ಕಳ ಅಳು, ಮೈಕಿನಲ್ಲಿ ಊಟಕ್ಕೆ ಕರೆಯುವುದು, ಇದೆಲ್ಲ ಗಲಾಟೆ ಎಂದು ಜನರೇ ಹೇಳುತ್ತಿದ್ದರು. ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ಹಾಕಬೇಕು. ಅರಿಶಿನಕ್ಕೊಂದು, ಧಾರೆಗೊಂದು, ಹೆಣ್ಣು ಕಳಿಸುವಾಗ ಅಳಿಸುವಂಥದ್ದೊಂದು. ತಾಳಿಯ ಗಂಟು ಬೀಳುವುದಕ್ಕೂ ಹಾಡಿನ ಪಲ್ಲವಿ ಏಳುವುದಕ್ಕೂ ಸರಿಯಾಗಿ ಕೂರಿಸುವುದರಲ್ಲಿ ನನ್ನನ್ನು ಮೀರಿಸುವವರು ಹುಣಸೂರಿನಲ್ಲೂ ಇರಲಿಲ್ಲ. ಆ ಜಂಬ ನನಗೆ ಚೆನ್ನಾಗಿಯೇ ಇತ್ತು.

ಆ ಜಂಬ ಇಳಿಸಿದವರು ಬೆಟ್ಟದಪುರದ ಕಡೆಯ, ಮದುವೆಗಳಲ್ಲಿ ಸೋಬಾನೆ ಪದ ಹೇಳುವ ಒಬ್ಬ ಹೆಂಗಸು. ಸುತ್ತಿನ ಊರುಗಳಲ್ಲಿ ಚಪ್ಪರ ಬಿತ್ತೆಂದರೆ ಅವರಿಗೆ ಕರೆ ಹೋಗುತ್ತಿತ್ತು. ನಾನು ಹಾಡು ಕೂರಿಸಿ ಮಿಕ್ಸ್ ಮಾಡಿದ ಎಷ್ಟೋ ಮದುವೆಗಳಲ್ಲಿ ಅವರ ಮುಖ ನೋಡಿದ್ದೆ, ಎದುರಿಗೆ ಕಂಡದ್ದು ಅಂದೇ ಮೊದಲು. ಒಂದು ಮಂಗಳವಾರ ಬೆಳಿಗ್ಗೆ ಬಂದು, ಚೀಲದಿಂದ ಐದು ಸಿಡಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಐದೂ ನಾನೇ ಮಾಡಿದವು.

"ಏನ್ ಕೆಲ್ಸ ಮಾಡ್ಬುಟ್ಟಿದ್ದೀಯವ್ವ ನೀನು," ಎಂದರು. ದನಿ ಒಡೆದುಹೋಗಿತ್ತು, ಮಾತು ಗಾಳಿಯ ಹಾಗೆ ಬರುತ್ತಿತ್ತು. "ಕಲಾವಿದರ ಮಾಸಾಸನಕ್ಕೆ ಅರ್ಜಿ ಆಕಿದ್ದೆ. ಪದ ಏಳಿರೋ ಸೀಡಿ ತನ್ನಿ ಅಂದ್ರು. ಮದ್ವೆ ಮನೆಗಳಲ್ಲಿ ಇಸ್ಕೊಂಡು ಇವ್ನ ತಕಂಡೋದೆ. ಮೈಸೂರ್ ಆಫೀಸ್ನಲ್ಲಿ ಆಕುದ್ರೆ, ಬಾಯಾಡ್ಸದು ನಾನು, ಆಡು ಸಿನಿಮಾದೋರ್ದು. ಅಲ್ಲಿದ್ದೋರೆಲ್ಲ ನಗಾಡುದ್ರು."

ನನಗೂ ನಗು ಬಂದಿತ್ತು, ಅವರ ಮುಖ ನೋಡಿ ನುಂಗಿಕೊಂಡೆ. ಈಗ ಹಾಡಿ, ರೆಕಾರ್ಡ್ ಮಾಡಿಕೊಡುತ್ತೇನೆ ಎಂದೆ. ಅವರು ಕತ್ತಿನ ಸೆರಗು ಸರಿಸಿ ಒಂದು ಹೊಲಿಗೆಯ ಗೆರೆ ತೋರಿಸಿದರು. ಗಂಟಲಿನ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಇನ್ನು ಹಾಡುವಂತಿರಲಿಲ್ಲ.

"ಬರೋ ಸೋಮಾರ ಕಡೇ ದಿನ ಅಂತ. ನಾ ಏಳಿದ್ ಪದ ಎಲ್ಲೂ ಇಲ್ವೇನವ್ವ?"

ಇರುವ ಹಾಗೆ ಕಾಣಲಿಲ್ಲ. ಕ್ಯಾಮೆರಾ ಕ್ಯಾಸೆಟ್ಟುಗಳನ್ನು ನಾವು ಒಂದರ ಮೇಲೊಂದು ಮದುವೆ ತುಂಬಿ ಅಳಿಸಿಬಿಡುತ್ತಿದ್ದೆವು. ಆ ಹೆಂಗಸಿನ ನಲವತ್ತು ವರ್ಷದ ಹಾಡಿಕೆಯನ್ನು, ನಮ್ಮ ಕೈಗೆ ಸಿಕ್ಕ ಮಟ್ಟಿಗೆ, ಒರೆಸಿ ಹಾಕಿದವಳು ನಾನೇ. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. ಶನಿವಾರ ಬನ್ನಿ ದೊಡ್ಡವ್ವ, ಮಾಡಿಟ್ಟಿರುತ್ತೇನೆ ಎಂದುಬಿಟ್ಟೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ.

ಅಟ್ಟದ ಡಬ್ಬಗಳನ್ನೆಲ್ಲ ಜಾಲಾಡಿದ ಮೇಲೆ ಮಿಕ್ಸಿಂಗಿಗೇ ಬಾರದ ಒಂದೇ ಒಂದು ಕ್ಯಾಸೆಟ್ ಸಿಕ್ಕಿತು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ತಗೊಳ್ತಾರೆ ಎಂದು, ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ತಗೊಳ್ತಾರೆ ಎಂದು ಇಬ್ಬರೂ ಬಿಟ್ಟುಹೋದ ಮದುವೆ. ವಿಸಿಆರ್ ಅನ್ನು ಟಿವಿಗೆ ಸಿಕ್ಕಿಸಿ ನೋಡಿದೆ. ಅರಿಶಿನ ಶಾಸ್ತ್ರ ನಡೆಯುತ್ತಿತ್ತು, ಹಿಂದಿನಿಂದ ಸೋಬಾನೆ ಬರುತ್ತಿತ್ತು. ಹಾಡುತ್ತಿದ್ದವರು ದೊಡ್ಡವ್ವನೇ, ಸ್ವಲ್ಪ ಹೊತ್ತಿಗೆ ಮುಖವೂ ಕಂಡಿತು. ಆ ದನಿ ಕೇಳಿ ಕೂತಲ್ಲೇ ಕೂತೆ. ಎಷ್ಟು ಮದುವೆಗಳಲ್ಲಿ ಇದನ್ನು ತೆಗೆದು ಏನನ್ನು ಹಾಕಿದ್ದೆ ನಾನು!

ಕಂಪ್ಯೂಟರಿಗೆ ಸಿಕ್ಕಿಸಿದರೆ ಎಲ್ಲರ ಬಾಯಿ ಆಡುತ್ತಿತ್ತು, ಸದ್ದೇ ಇಲ್ಲ. ಕಾರ್ಡ್ ಮೂಕ ಎಂದು ಗೊತ್ತಾದದ್ದು ಆಗಲೇ.

"ಕಾರ್ಡ್ ಸತ್ತೋಗದೆ ಕಣೆ. ಮೈಸೂರಿಗೆ ಕಳ್ಸಾಣ," ಎಂದರು ಯಜಮಾನರು.

"ಸತ್ತಿದ್ರೆ ಚಿತ್ರ ಹೆಂಗ್ ಬರ್ತದೆ? ಕಳಿಸಿದ್ರೆ ಬರೋದು ಯಾವಾಗ, ಮುಂದಿನ ದೀಪಾವಳಿಗಾ?"

"ಅಂಗಾರೆ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಡು."

ಅದನ್ನೂ ಮಾಡಿದೆ. ನಮ್ಮ ಸ್ಟುಡಿಯೋ ಇದ್ದದ್ದು ಬಸ್ ಸ್ಟ್ಯಾಂಡಿನ ಎದುರಿಗೆ. ತಿರುಗಿ ಕೇಳಿದರೆ ಸೋಬಾನೆಯ ನಡುನಡುವೆ ಕಂಡಕ್ಟರು "ಹುಣಸೂರು, ಹುಣಸೂರು" ಎಂದು ದನಿಗೂಡಿಸಿದ್ದ. ಸರ್ಕಾರಿ ಆಫೀಸಿನಲ್ಲಿ ಆಕೆಯನ್ನು ಎರಡನೇ ಸಲ ನಗೆಪಾಟಲು ಮಾಡಲು ನಾನು ತಯಾರಿರಲಿಲ್ಲ.

ಬುಧವಾರ ಕಾರ್ಡಿನ ಖಾಲಿ ಡಬ್ಬ ತೆಗೆದು ನೋಡಿದರೆ, ತಳದಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಒಂದು ಮೊಳದ ವೈರು. ಎರಡು ತುದಿಗೂ ಪಿನ್ನು. ಟಿವಿ ಕಾರ್ಡಿನಿಂದ ಸೌಂಡ್ ಕಾರ್ಡಿಗೆ ದನಿ ಸಾಗಿಸಬೇಕಾದ ವೈರು ಅದು. ಊಟದ ಅವಸರದಲ್ಲಿ ಮೈಸೂರಿನಾತ ಅದನ್ನು ಸಿಕ್ಕಿಸಿಯೇ ಇರಲಿಲ್ಲ. ಸಿಕ್ಕಿಸಿದೆ. ಆಗಲೂ ಸದ್ದಿಲ್ಲ. ಪರದೆಯ ಮೂಲೆಯ ಸ್ಪೀಕರ್ ಗುರುತನ್ನು ಒತ್ತಿ, ಸಾಲಾಗಿ ನಿಂತ ಗುಂಡಿಗಳಲ್ಲಿ ಒಂದೊಂದನ್ನೇ ಓದಿದೆ. ಹೊರಗಿನಿಂದ ಬರುವ ದನಿಯ ಸಾಲಿಗೆ ಬಾಯಿ ಮುಚ್ಚುವ ಗುರುತು ಹಾಕಿತ್ತು. ತೆಗೆದೆ. ರೆಕಾರ್ಡಿಂಗಿಗೆ ಮೈಕ್ ಆಯ್ಕೆಯಾಗಿತ್ತು, ಬದಲಾಯಿಸಿದೆ. ಸ್ಪೀಕರಿನಿಂದ ಬುಸ್ ಎಂದು ಸದ್ದು ಬಂತು, ಸ್ಟವ್ ಹೊತ್ತಿಸಿದ ಹಾಗೆ. ಸೋಬಾನೆ ಬರಲಿಲ್ಲ, ಆದರೂ ಆ ಬುಸ್ಸಿಗೇ ಖುಷಿಪಟ್ಟೆ. ಮೂಕ ಕಾರ್ಡು ಉಸಿರಾದರೂ ಬಿಟ್ಟಿತ್ತಲ್ಲ.

ಗುರುವಾರವಿಡೀ ಬುಸ್ಸೇ. ವಿಸಿಆರಿನ ಹಿಂದಿನ ಬಣ್ಣದ ಪಿನ್ನಿನ ತೂತುಗಳು ಸವೆದು ಹೋಗಿದ್ದರಿಂದ, ಚಿತ್ರ ದನಿ ಎರಡನ್ನೂ ನಾವು ಒಂದೇ ಆಂಟೆನಾ ವೈರಿನಲ್ಲಿ ಕಳಿಸುತ್ತಿದ್ದೆವು. ಅದೇ ವೈರು ಟಿವಿಗೆ ಹೋದರೆ ಹಾಡು, ಕಾರ್ಡಿಗೆ ಹೋದರೆ ಬುಸ್ಸು. ಮಧ್ಯಾಹ್ನ ಕರೆಂಟ್ ಹೋಯಿತು. ಸುಮ್ಮನೆ ಕೂರಲಾಗದೆ ಎದುರಿಗೆ ನಿಂತಿದ್ದ ಬಸ್ ಹತ್ತಿ ಹುಣಸೂರಿಗೆ ಹೋದೆ. ಅಲ್ಲಿ ನಮ್ಮ ಟಿವಿ, ವಿಸಿಆರ್ ನೋಡಿಕೊಡುತ್ತಿದ್ದ ಹಿರಿಯ ರಿಪೇರಿಯವರೊಬ್ಬರಿದ್ದರು. ಕಂಪ್ಯೂಟರನ್ನು ಅವರು ಮುಟ್ಟಿದವರೂ ಅಲ್ಲ.

"ಆ ಡಬ್ಬದ ಇಸ್ಯ ನನ್ ಕೇಳ್ಬೇಡಿ ಕಣಮ್ಮ," ಎಂದು ಮೊದಲೇ ಕೈಯೆತ್ತಿದರು. ನಾನು ಚಿತ್ರ ಚೆನ್ನಾಗಿದೆ, ದನಿ ಬುಸ್ ಅನ್ನುತ್ತದೆ ಎಂದೊಡನೆ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟರು.

"ಗುರುಪುರದ ಟಿಬೆಟ್ ಕ್ಯಾಂಪಿಂದ ನಂಗೆ ಫಾರಿನ್ ಸೆಟ್ ಬತ್ತವೆ. ಅವೂ ಇಂಗೇ. ಚಿತ್ರ ಕನ್ನಡಿ ಇದ್ದಂಗೆ, ಸೌಂಡ್ ಮಾತ್ರ ಬುಸ್ಸು. ಸೆಟ್ ಕೆಟ್ಟಿರಲ್ಲ ಕಣಮ್ಮ. ಒಂದೊಂದ್ ದೇಸದೋರು ಸೌಂಡ್‌ನ ಒಂದೊಂದ್ ಜಾಗದಲ್ಲಿ ಮಡಗಿರ್ತಾರೆ. ಅದು ಅವ್ರ ಜಾಗದಲ್ಲಿ ಉಡುಕ್ತದೆ, ನಮ್ದು ಇನ್ನೊಂದ್ ಕಡೆ ಇರ್ತದೆ. ನಾನೊಂದು ಸಣ್ ಪಾರ್ಟ್ ಬದಲಾಯಿಸ್ತೀನಿ, ಮಾತಾಡ್ತದೆ. ನಿಮ್ ಕಾರ್ಡ್ ಯಾವ್ ದೇಸದ್ದು?"

ಕಾರ್ಡಿನ ಪುಸ್ತಕದಲ್ಲಿ ಅರ್ಧ ಚೀನೀ ಅಕ್ಷರಗಳೇ ಇದ್ದದ್ದು ಆಗ ನೆನಪಾಯಿತು. ನಾನು ಅಲ್ಲಿಂದ ಎದ್ದವಳು ಅವರು ತರಿಸಿದ ಚಹಾವನ್ನೂ ಕುಡಿಯಲಿಲ್ಲ. ಅವರು ಪಾರ್ಟ್ ಬದಲಾಯಿಸುವ ಕಡೆ ಕಂಪ್ಯೂಟರಿನಲ್ಲಿ ಬರೀ ದೇಶದ ಹೆಸರು ಬದಲಾಯಿಸಿದರೆ ಸಾಕಿರಬಹುದಲ್ಲ ಎಂದು ವಾಪಸ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದವಳೇ ಕಾರ್ಡಿನ ಪ್ರೋಗ್ರಾಂನಲ್ಲಿ ದೇಶ ಬದಲಾಯಿಸಿ ನೋಡಿದೆ. ಇಂಡಿಯಾ ಎಂದು ಆರಿಸಿದರೂ ಬುಸ್ಸು ನಿಲ್ಲಲಿಲ್ಲ. ಅಂದರೆ ಮೇಲಿನ ಪ್ರೋಗ್ರಾಂ ಏನೇ ಹೇಳಲಿ, ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಒಳಗಿನ ಪ್ರೋಗ್ರಾಂ ತನ್ನ ಹಟ ಬಿಟ್ಟಿರಲಿಲ್ಲ. ಕಾರ್ಡಿನ ಜೊತೆ ಬಂದಿದ್ದ ಸಿಡಿಯಲ್ಲಿ ಆ ಡ್ರೈವರಿನ ಫೈಲೊಂದು ಬರೀ ಅಕ್ಷರಗಳಲ್ಲಿ ತೆರೆದುಕೊಂಡಿತು. ನೂರಾರು ಸಾಲು. ಅದರಲ್ಲಿ ಮುಕ್ಕಾಲು ಪಾಲು ನನಗೆ ಇಂದಿಗೂ ಅರ್ಥವಾಗಿಲ್ಲ. ಆದರೆ ಟೈಪಿಂಗ್ ಕಲಿತವರಿಗೆ ಒಂದು ಅಭ್ಯಾಸವಿರುತ್ತದೆ. ಅರ್ಥವಾಗದ ಪ್ರತಿಯನ್ನೂ ಒಂದಕ್ಷರ ಬಿಡದೆ ಓದುವುದು. ಪುಟದ ಮೇಲೆ ಸ್ಕೇಲ್ ಇಟ್ಟು ಓದುತ್ತಿದ್ದ ಹಾಗೆ ಪರದೆಯ ಮೇಲೆ ಸ್ಕೇಲ್ ಹಿಡಿದು ಸಾಲು ಸಾಲೇ ಇಳಿದೆ. ಯಜಮಾನರು ಇಣುಕಿ, ನನ್ನನ್ನೂ ಸ್ಕೇಲನ್ನೂ ನೋಡಿ ಹೋದರು.

ಹನ್ನೊಂದರ ಹೊತ್ತಿಗೆ ಸೌಂಡ್ ಎಂಬ ಪದವಿದ್ದ ಸಾಲು ಸಿಕ್ಕಿತು. ಅದರ ಮುಂದೆ ಡಿ, ಕೆ ಎಂಬ ಎರಡು ಅಕ್ಷರ. ಪುಸ್ತಕದ ಕೊನೆಯ ಪುಟದ ಪಟ್ಟಿಯಲ್ಲಿ ಚೀನಾದ ಎದುರಿಗೆ ಡಿ, ಕೆ ಇತ್ತು. ಇಂಡಿಯಾದ ಎದುರಿಗೆ ಬಿ, ಜಿ. ಅಷ್ಟೇ ವ್ಯತ್ಯಾಸ. ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಡಿ ತೆಗೆದು ಬಿ ಒತ್ತಿದೆ, ಕೆ ತೆಗೆದು ಜಿ ಒತ್ತಿದೆ. ಹಳೆಯ ಡ್ರೈವರನ್ನು ಕಿತ್ತು ಇದನ್ನು ಕೂರಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಅದು ಏಳುವಷ್ಟರಲ್ಲಿ ಎರಡು ಸಲ ಬೆವರಿದೆ.

ಕ್ಯಾಸೆಟ್ ಓಡಿಸಿದಾಗ ಮೊದಲು ಪಾತ್ರೆ ಸದ್ದು ಬಂತು. ಆಮೇಲೆ ಯಾವುದೋ ಮಗು ಅತ್ತಿತು. ಆಮೇಲೆ ಸೋಬಾನೆ ಎದ್ದಿತು. ನಾನು ಯಜಮಾನರನ್ನು ಕೂಗಿ ಕರೆದೆ. ಅವರು ಬಾಗಿಲಲ್ಲೇ ನಿಂತು ಒಂದು ಪದ ಪೂರ್ತಿ ಕೇಳಿ, "ಮೈಸೂರಿನೋನ್ಗೆ ನೀನೇ ಒಂದಿನ ಪಾಠ ಮಾಡು," ಎಂದರು. ಮದುವೆಯಾದಂದಿನಿಂದ ಅವರ ಬಾಯಿಂದ ಕೇಳಿದ ಹೊಗಳಿಕೆಗಳಲ್ಲಿ ಅದೇ ದೊಡ್ಡದು, ನಾನು ಅದನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಅಂದು ನನ್ನ ಹೆಮ್ಮೆ ಆ ಒಳಕೋಣೆಯಲ್ಲಿ ಹಿಡಿಸುವಂತಿರಲಿಲ್ಲ.

ಅರ್ಜಿ ಸೋಮವಾರ ಸೇರಿತು, ತಡವಾಗಿಯಾದರೂ ಮಂಜೂರಾಯಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಶನಿವಾರ.

ದೊಡ್ಡವ್ವ ಹೇಳಿದ ಹೊತ್ತಿಗೇ ಬಂದರು. ಕುರ್ಚಿ ಕೊಟ್ಟು ಸಿಡಿ ಹಾಕಿದೆ. ಪರದೆಯ ಮೇಲೆ ಮದುಮಗಳ ಕೆನ್ನೆಗೆ ಯಾರೋ ಅರಿಶಿನ ಹಚ್ಚುತ್ತಿದ್ದರು. ಹಾಡುವವರು ಇನ್ನೂ ಕಾಣುತ್ತಿರಲಿಲ್ಲ. ದನಿ ಮಾತ್ರ ಕೋಣೆ ತುಂಬಿತ್ತು. ಅವರು ಕತ್ತು ವಾಲಿಸಿ ಸ್ವಲ್ಪ ಹೊತ್ತು ಕೇಳಿದರು.

"ಯಾರವ್ವ ಇವ್ಳು, ಪದ ಏಳ್ತಿರೋಳು? ಗಂಟ್ಲು ಚೆಂದಾಗದೆ."

ನಾನು ಅವರತ್ತ ತಿರುಗಿದೆ. ಟೇಪ್ ರೆಕಾರ್ಡರ್ ಇರುವ ಮನೆಯೂ ಅವರದಲ್ಲ. ಜೀವಮಾನವಿಡೀ ಊರೂರಿಗೆ ಹಾಡಿದ ಹೆಂಗಸು ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದೇ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

"ನೀವೇ ಕಣ್ ದೊಡ್ಡವ್ವ."

ಅಷ್ಟರಲ್ಲಿ ಕ್ಯಾಮೆರಾ ಚಪ್ಪರದ ಕಂಬದ ಕಡೆ ತಿರುಗಿ ಅವರ ಮುಖ ಬಂತು. ಬಾಯಿ ಆಡುತ್ತಿತ್ತು, ಆ ಬಾಯಿಯದೇ ದನಿ ಬರುತ್ತಿತ್ತು. ಅವರು ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತರು. ಪದ ಮುಗಿಯುವ ತನಕ ಕಣ್ಣು ಮಿಟುಕಿಸಲಿಲ್ಲ. ಮುಗಿದ ಮೇಲೆ ಆ ಒಡಕು ದನಿಯಲ್ಲಿ, ನನಗಲ್ಲ, ತಮಗೇ ಎಂಬಂತೆ ಹೇಳಿಕೊಂಡರು.

"ಅಂಗಾರೆ ಜನ ನನ್ನ ಸುಮ್ನೆ ಕರೀತಿರ್ನಿಲ್ಲ ಬುಡು."