ವೈನಿಯ ಹಾಲು ಕೆಟ್ಟಿರಲಿಲ್ಲ

ರೊಟ್ಟಿ ಬಡಿಯುವಾಗ ನಮ್ಮ ವೈನಿಯ ಮೂಗಿನ ತುದಿಗೆ ಜೋಳದ ಹಿಟ್ಟು ಹತ್ತಿಯೇ ಇರುತ್ತಿತ್ತು. ಒರೆಸಿಕೊಳ್ಳಿ ಎಂದರೆ, "ಇದ ನನ್ನ ಮೂಗುತಿ" ಎನ್ನುತ್ತಿದ್ದರು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಮೀಸೆ ಬಂದ ಮೇಲೆ ನಾನು ಹತ್ತನೇ ಇಯತ್ತೆಗೆ ಕೂತಾಗ ಓಣಿಯೆಲ್ಲ ನಕ್ಕಿತ್ತು. ಅವರು ಮಾತ್ರ, "ನೀ ಓದೋ ತಮ್ಮಾ. ಅವರಿಗೆ ಹಲ್ಲದಾವ, ನಗ್ಲಿ" ಎಂದಿದ್ದರು.

ವೈನಿಗೆ ಹುಟ್ಟಿದ್ದು ಒಂದೇ ಕೂಸು. ಬಾಣಂತನದಲ್ಲಿ ಅವರ ಎದೆ ಬಾತು ಜ್ವರ ಬಂತು. ಡಾಕ್ಟರು ಗುಳಿಗೆ ಕೊಟ್ಟರು. ಅದೇ ಹೊತ್ತಿಗೆ ಕೂಸಿಗೆ ಭೇದಿ ಹತ್ತಿತು. ನಮ್ಮವ್ವ ಬಟ್ಟಲಿಗೆ ವೈನಿಯ ಹಾಲು ಹಿಂಡಿಸಿ, ಅದರಲ್ಲೊಂದು ಇರುವೆ ಬಿಟ್ಟಳು. ಎದೆಹಾಲು ಪರೀಕ್ಷೆ ಮಾಡಲು ಅವಳಿಗೆ ಗೊತ್ತಿದ್ದದ್ದು ಅದೊಂದೇ. ಇರುವೆ ಸತ್ತಿತು.

"ಹಾಲು ಕೆಟ್ಟೈತಿ, ಬಿಡಸ್ರಿ" ಎಂದಳು.

ನೀರು ಬೆರೆಸಿದ ಆಕಳ ಹಾಲು ಹಾಕಿದರು. ಕೂಸು ಉಳಿಯಲಿಲ್ಲ. ಆಮೇಲೆ ವೈನಿ ಯಾರ ಮನೆಯ ತೊಟ್ಟಿಲಿಗೂ ಕೈ ಹಚ್ಚುತ್ತಿರಲಿಲ್ಲ.

ವರ್ಷಗಳಾದ ಮೇಲೆ ನನ್ನ ಮಗಳು ಆಪರೇಷನ್ ಆಗಿ ಹುಟ್ಟಿದಳು. ನನ್ನ ಹೆಂಡತಿಗೂ ಗುಳಿಗೆ, ಕೂಸಿಗೂ ಹೊಟ್ಟೆ ಸಡಿಲ. ಅವ್ವ ಮತ್ತೆ ಬಟ್ಟಲು ತಂದಳು. ವೈನಿ ಅದನ್ನು ಕಸಿದುಕೊಂಡರು.

"ಇರವಿಗೆ ಈಸಾಕ ಬರ್ತೈತೇನ್ರಿ ಅತ್ತಿ?"

ವೈನಿಯೇ ಕೂಸನ್ನು ಎತ್ತಿಕೊಂಡು ನಮ್ಮನ್ನು ಸಿಂದಗಿ ದವಾಖಾನೆಗೆ ಕರೆದೊಯ್ದರು.

"ಹೆಪ್ಪಿನ್ಯಾಗ ಇದ್ದಂಗ ತಾಯಿ ಹಾಲಿನ್ಯಾಗೂ ಕಣ್ಣಿಗೆ ಕಾಣದ ಜೀವ ಇರ್ತಾವ್ರಿ" ಎಂದಳು ಅಲ್ಲಿಯ ನರ್ಸು. "ತಾಯಿ ಉಣ್ಣೂದು, ಆಪರೇಷನ್ನು, ಜಡ್ಡು, ಗುಳಿಗಿ, ಇವೆಲ್ಲಾದರಿಂದ ಅವು ಹೆಚ್ಚುಕಡಿಮಿ ಆಗ್ತಾವು. ಹಂಗಂತ ಹಾಲು ವಿಷ ಆಗೂದಿಲ್ಲ. ಕುಡಸ್ರಿ."

"ಎದಿ ಬಾತು ಜ್ವರ ಬಂದ್ರ?" ವೈನಿ ಕೇಳಿದರು.

"ಆವಾಗಂತೂ ಬಿಡಬಾರದ್ರಿ. ಕುಡಿಸಿದ್ರ ಬಾವೂ ಇಳೀತೈತಿ."

ಪಾಪ, ನರ್ಸಿಗೆ ವೈನಿಯ ಕೂಸಿನ ಸಂಗತಿ ಗೊತ್ತಿರಲಿಲ್ಲ. ವೈನಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಮರಳುವಾಗ ಬಸ್ಸಿನಲ್ಲಿ ನನ್ನ ಕಡೆ ತಿರುಗಿದರು.

"ನನ್ನ ಹಾಲು ಕೆಟ್ಟಿರಲಿಲ್ಲಲ್ಲೋ ತಮ್ಮಾ. ಸೀರಿ ತೊಯ್ದು ತೊಪ್ಪಿ ಆಗ್ತಿತ್ತು. ಅದು ಅಳ್ತಿತ್ತು. ನಾ ಕೊಡ್ಲೇ ಇಲ್ಲ."



ನನ್ನ ಮಗಳು ತಾಯಿ ಹಾಲು ಕುಡಿದೇ ಬೆಳೆದಳು. ಅದು ವೈನಿ ಉಳಿಸಿಕೊಟ್ಟದ್ದು. ಹೋದ ವರ್ಷ ಅವರು ತೀರಿಕೊಂಡರು. ಹೊಲದಲ್ಲಿ, ಅವರ ಕೂಸಿನ ಪಕ್ಕದಲ್ಲೇ ಮಣ್ಣು ಮಾಡಿದೆವು. ಎಲ್ಲರೂ ಎದ್ದು ಹೊರಟರೂ ಮಗಳು ಏಳಲಿಲ್ಲ.

"ಅಪ್ಪಾ, ದೊಡ್ಡವ್ವ ಇಲ್ಲಿ ಒಬ್ಬಾಕಿನ ಇರ್ತಾಳೇನು?"

"ಇಲ್ಲವ್ವಾ" ಎಂದೆ. "ಬಾಜೂಕ ಕೂಸೈತಿ."